ಎಂಜಿನ್ ಬಂದ್ ಆದರೂ ವಿಮಾನ ಬೀಳೋದಿಲ್ಲ ಅವ್ವಾ

ಮೇಸಾ, ಅರಿಜೋನಾ

ತೀರ್ಥರೂಪ ಅಪ್ಪ ಮತ್ತು ಮಾತೃಶ್ರೀ ಅವ್ವನಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾನು ಇಲ್ಲಿ ಆರಾಮಾಗಿದ್ದೇನೆ. ಇವತ್ತು ಮೊದಲ ಸಲ ವಿಮಾನ ನಡೆಸಿದೆ! ಅವ್ವ ಫೋನಿನಲ್ಲಿ ಕೇಳೋದು ಒಂದೇ ಮಾತು: ‘ಮ್ಯಾಲೆ ಹೋದಾಗ ಎಂಜಿನ್ ಬಂದ್ ಬಿದ್ರ ಏನ್ ಮಾಡ್ತಿ?’ ಅದಕ್ಕೆ ಇವತ್ತು ಕಣ್ಣಾರೆ ಉತ್ತರ ಕಂಡೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೇ ಈ ಪತ್ರ.

ಬೇಸಿಗೆಯಲ್ಲಿ ಇಲ್ಲಿ ನಸುಕಿನಲ್ಲೇ ಪಾಠ. ಬಿಸಿಲೇರಿದರೆ ಗಾಳಿ ತೆಳುವಾಗಿ ವಿಮಾನ ಏರೋಕೆ ತಿಣುಕುತ್ತದೆ. ಬೆಳಗ್ಗೆ 6ಕ್ಕೆ ಮೈದಾನಕ್ಕೆ ಹೋದಾಗ ಗದಗಿನಲ್ಲಿ ಸಂಜೆ 6:30, ಅವ್ವ ದೀಪ ಹಚ್ಚೋ ಹೊತ್ತು.

ಅಪ್ಪ, ಡಿಪೋದಿಂದ ಬಸ್ ತೆಗೆಯೋ ಮುಂಚೆ ನೀವು ಟೈರ್ ತಟ್ಟಿ, ಆಯಿಲ್ ನೋಡುತ್ತಿದ್ದಿರಲ್ಲ, ಇಲ್ಲೂ ಶುರು ಅಲ್ಲಿಂದಲೇ. ನಮ್ಮದು ನಾಲ್ಕು ಸೀಟಿನ ಸೆಸ್ನಾ 172. ಪೆಟ್ರೋಲ್ ಟ್ಯಾಂಕ್ ಎರಡೂ ರೆಕ್ಕೆಗಳ ಒಳಗೇ ಇವೆ. ರೆಕ್ಕೆಯ ಅಡಿಯಲ್ಲಿ ಪುಟ್ಟ ವಾಲ್ವ್. ಪ್ಲಾಸ್ಟಿಕ್ ಲೋಟ ಒತ್ತಿ ಹಿಡಿದರೆ ಅದರಿಂದ ಸ್ವಲ್ಪ ಪೆಟ್ರೋಲ್ ಇಳಿಯುತ್ತದೆ. ಬೆಳಕಿಗೆ ಹಿಡಿದು ನೋಡಬೇಕು. ಬಣ್ಣ ತಿಳಿ ನೀಲಿ ಇರಬೇಕು. ನೀರು ಸೇರಿದ್ದರೆ ತಳದಲ್ಲಿ ಬೇರೆಯಾಗಿ ಕೂತಿರುತ್ತದೆ. ಹಾಗೆ ಕಂಡರೆ ಚೆಲ್ಲಿ ಮತ್ತೆ ಹಿಡಿಯೋದು, ನೀರು ಹೋಗೋ ತನಕ.

ನಿಮಗೆ ಇಷ್ಟ ಆಗೋದು ಮ್ಯಾಗ್ನೆಟೊ, ಅಂದರೆ ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡೋ ಸಾಧನ. ಎಂಜಿನ್ನಿಗೆ ನಾಲ್ಕು ಸಿಲಿಂಡರ್, ಒಂದೊಂದಕ್ಕೂ ಎರಡೆರಡು ಸ್ಪಾರ್ಕ್ ಪ್ಲಗ್. ಮ್ಯಾಗ್ನೆಟೊನೂ ಎರಡು, ಒಂದರ ಹಂಗು ಇನ್ನೊಂದಕ್ಕಿಲ್ಲ. ಎಂಜಿನ್ ತಿರುಗುತ್ತಿದ್ದರೆ ಸಾಕು, ಕಿಡಿ ತಾವೇ ಹುಟ್ಟಿಸುತ್ತವೆ. ಬ್ಯಾಟರಿ ಪೂರ್ತಿ ಇಳಿದರೂ ಎಂಜಿನ್ ನಡೆಯುತ್ತದೆ. ಹಾರೋ ಮುಂಚೆ ರೇಸ್ ಕೊಟ್ಟು, ಕೀಲಿ ತಿರುಗಿಸಿ ಒಂದೊಂದನ್ನೇ ಬಂದ್ ಮಾಡಿ ಪರೀಕ್ಷಿಸುತ್ತೇವೆ. ಆರ್‌ಪಿಎಂ, ಅಂದರೆ ಎಂಜಿನ್ ತಿರುಗೋ ವೇಗ, ಸ್ವಲ್ಪ ಇಳಿಯಬೇಕು. ಜಾಸ್ತಿ ಇಳಿದರೆ ಹೊರಡೋ ಹಾಗಿಲ್ಲ. ಏನೂ ಇಳಿಯದಿದ್ದರೂ ಸಂಶಯವೇ, ಅದು ಬಂದ್ ಆಗಿಯೇ ಇಲ್ಲ ಅಂತ ಅರ್ಥ.

ನೆಲದ ಮೇಲೆ ಸ್ಟೇರಿಂಗ್ ತಿರುಗಿಸಿದರೆ ವಿಮಾನ ತಿರುಗೋದಿಲ್ಲ. ಎಲ್ಲ ಕಾಲಿನ ಪೆಡಲ್‌ನಲ್ಲೇ. ಗಂಟೆಗೆ ಸುಮಾರು 100 ಕಿ.ಮೀ. ವೇಗ ಬಂದಾಗ ಸ್ಟೇರಿಂಗ್ ಮೆಲ್ಲಗೆ ಎಳೆದರೆ ಸಾಕು, ಎದ್ದುಬಿಡುತ್ತದೆ.

ಮೇಲೆ ಹೋದ ಮೇಲೆ ಇನ್‌ಸ್ಟ್ರಕ್ಟರ್ ‘ವಿಮಾನ ನಿನ್ನ ಕೈಯಲ್ಲಿ’ ಅಂದರು. ‘ನನ್ನ ಕೈಯಲ್ಲಿ’ ಅಂತ ನಾನು ಹೇಳಬೇಕು, ಅವರು ಮತ್ತೆ ‘ನಿನ್ನ ಕೈಯಲ್ಲಿ’ ಅನ್ನಬೇಕು. ಆಮೇಲೇ ಅವರು ಕೈ ಬಿಡೋದು. ಯಾರ ಕೈಯಲ್ಲೂ ಇಲ್ಲದ ಗಳಿಗೆ ಬರಲೇಬಾರದು ಅಂತ ಈ ನಿಯಮ. ನನಗೆ ಬಹಳ ಹಿಡಿಸಿತು. ಪೂರ್ವಕ್ಕೆ ಸೂಪರ್‌ಸ್ಟಿಷನ್ ಬೆಟ್ಟಗಳು ಕಂಡವು. ಕಪ್ಪತಗುಡ್ಡದಲ್ಲಿ ಮಳೆಯಾದರೆ ಬರೋ ಹಸಿರು ಇಲ್ಲಿಲ್ಲ, ಬರೀ ಕಲ್ಲು.

ಅವ್ವಾ, ಈಗ ನಿನ್ನ ಪ್ರಶ್ನೆ. ಇನ್‌ಸ್ಟ್ರಕ್ಟರ್ ಥ್ರಾಟಲ್, ಅಂದರೆ ಎಂಜಿನ್ನಿಗೆ ರೇಸ್ ಕೊಡೋ ಹಿಡಿಕೆ, ಪೂರ್ತಿ ಹಿಂದಕ್ಕೆಳೆದರು. ಸದ್ದು ಇಳಿಯಿತು. ವಿಮಾನ ಬೀಳಲಿಲ್ಲ! ಮೂಗು ಸ್ವಲ್ಪ ಬಗ್ಗಿಸಿ ಗಂಟೆಗೆ ಸುಮಾರು 120 ಕಿ.ಮೀ. ವೇಗ ಹಿಡಿದುಕೊಂಡರೆ ಜಾರುತ್ತಾ ಸಾಗುತ್ತದೆ. ಎತ್ತಿ ಹಿಡಿಯೋದು ರೆಕ್ಕೆ, ಎಂಜಿನ್ ಅಲ್ಲ. ನೆಲದಿಂದ 3,000 ಅಡಿ ಮೇಲಿದ್ದರೆ, ಎದುರು ಗಾಳಿ ಇಲ್ಲದಿದ್ದರೆ, ಸುಮಾರು 8 ಕಿ.ಮೀ. ಹೋಗಬಹುದು. ಗದಗಿನ ಮೇಲೆ ಎಂಜಿನ್ ನಿಂತರೆ ಹುಲಕೋಟಿ ದಾರಿಯಲ್ಲಿ ಯಾವುದಾದರೂ ಬಯಲು ಹೊಲ ನೋಡಿ ಇಳಿಸೋಷ್ಟು ಸಮಯ ಸಿಗುತ್ತದೆ. ನಮ್ಮ ಎರೆಭೂಮಿ ಮಟ್ಟಸವಾಗಿದೆ, ಒಳ್ಳೆಯದೇ. ಮಳೆಗಾಲದಲ್ಲಿ ಮಾತ್ರ ಗಾಲಿ ಹೂತು ಹೋಗುತ್ತದೆ. ಇಳಿಯೋ ಜಾಗವನ್ನು ಮೊದಲೇ ಕಣ್ಣಲ್ಲಿ ಇಟ್ಟುಕೊಂಡಿರಬೇಕು ಅಂತ ಮೊದಲ ದಿನವೇ ಹೇಳಿಕೊಟ್ಟರು.

ತಮ್ಮನಿಗೆ ಹೇಳಿ: ರನ್‌ವೇ ನಂಬರ್ ಅಂದರೆ ದಿಕ್ಸೂಚಿಯ ಡಿಗ್ರಿಯಲ್ಲಿ ಕೊನೆಯ ಸೊನ್ನೆ ಬಿಟ್ಟದ್ದು. ಇಲ್ಲಿಯದು 4 ಮತ್ತು 22. ಹುಬ್ಬಳ್ಳಿಯ ಗೋಕುಲ ರೋಡಿನ ವಿಮಾನ ನಿಲ್ದಾಣದ್ದು 08 ಮತ್ತು 26. ಯಾವ ದಿಕ್ಕು ಅಂತ ಅವನೇ ಲೆಕ್ಕ ಹಾಕಲಿ.

ಶೇಂಗಾ ಚಟ್ನಿ ಇನ್ನೂ ಇದೆ, ಈಗಲೇ ಕಳಿಸಬೇಡ ಅವ್ವಾ. ಅಪ್ಪ, ಎಂಜಿನ್ ಬಗ್ಗೆ ಏನು ಕೇಳೋದಿದ್ದರೂ ಬರೀರಿ. ಇಲ್ಲಿಯ ಮೆಕ್ಯಾನಿಕ್‌ರನ್ನು ಕೇಳಿ ತಿಳಿಸುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು