ಅಂಗಿಯ ಅಂಚಿನ ಗೆಜ್ಜೆ

ಪ್ರೀತಿಯ ಕಿರಿಯ ಮಿತ್ರರಿಗೆ,

ನಮಸ್ಕಾರ. ನಿಮ್ಮ ಕಥೆಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಯೆರೂಸಲೇಮಿನ ಯೆಹೂದ್ಯ ದೇವಾಲಯದ ಬಾಗಿಲಲ್ಲಿ ನೀವು ತೂಗುಹಾಕಿರುವ ಕಂಚಿನ ಗಂಟೆ ನಮ್ಮೂರ ಗುಡಿಯದು, ಅಲ್ಲಿಯದಲ್ಲ. ಇಸ್ರಾಯೇಲ್ಯರ ಸಭೆಯನ್ನು ಕೂಡಿಸಲು ಬೆಳ್ಳಿಯ ತುತ್ತೂರಿಗಳಿದ್ದವು. ಗಂಟೆಯ ಕೆಲಸವೇ ಬೇರೆ.

ಬೈಬಲಿನ ವಿಮೋಚನಕಾಂಡದ 28ನೆಯ ಅಧ್ಯಾಯವನ್ನು ದರ್ಜಿಯ ಕಣ್ಣಿನಿಂದ ಓದಿ. ಮುಖ್ಯ ಪುರೋಹಿತನಾದ ಮಹಾಯಾಜಕನ ನೀಲಿ ನಿಲುವಂಗಿಯ ಕೆಳಗಿನ ಅಂಚಿಗೆ ಬಣ್ಣದ ದಾರದ ದಾಳಿಂಬೆಯೊಂದು, ಪಕ್ಕದಲ್ಲಿ ಚಿನ್ನದ ಗೆಜ್ಜೆಯೊಂದು, ಮತ್ತೆ ದಾಳಿಂಬೆ, ಮತ್ತೆ ಗೆಜ್ಜೆ, ಹೀಗೆ ಸುತ್ತಲೂ. ಹೀಬ್ರೂ ಭಾಷೆಯಲ್ಲಿ ಈ ಗೆಜ್ಜೆಗೆ ‘ಪಅಮೋನ್’ ಎಂದು ಹೆಸರು; ಬಡಿತ, ಹೆಜ್ಜೆ ಎಂಬ ಅರ್ಥಗಳುಳ್ಳ ‘ಪಅಮ್’ ಎಂಬ ಮಾತಿಗೆ ಅದು ನಂಟು. ಯಾರೂ ಬಾರಿಸದೆ, ಧರಿಸಿದವನ ನಡಿಗೆಗೆ ತಾನಾಗಿ ನುಡಿಯುವ ಗೆಜ್ಜೆಯದು. ಅವನು ಪವಿತ್ರಸ್ಥಾನಕ್ಕೆ ಹೋಗುವಾಗಲೂ ಬರುವಾಗಲೂ ಅದರ ಸದ್ದು ಕೇಳಿಸಬೇಕು, ಇಲ್ಲವಾದರೆ ಸಾವು ಎಂದು ಅಲ್ಲಿದೆ. ಅರಸನ ಸನ್ನಿಧಿಗೆ ಸುಳಿವು ಕೊಡದೆ ನುಗ್ಗಬಾರದೆಂಬ ಹಳೆಯ ವ್ಯಾಖ್ಯಾನವೇ ನನಗೆ ಹೆಚ್ಚು ಹಿಡಿಸಿದೆ. ಗೆಜ್ಜೆಗಳು 72 ಎಂದೂ 36 ಎಂದೂ ಯೆಹೂದ್ಯರ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದಿನ ಪಂಡಿತರು ವಾದಿಸಿದ್ದಾರೆ. ನೀವು ಎಣಿಸಲು ಹೋಗಬೇಡಿ.

ಇನ್ನು ನಿಮ್ಮ ಕೊನೆಯ ದೃಶ್ಯ. ವರ್ಷಕ್ಕೊಮ್ಮೆ ಜನರ ಪಾಪಗಳಿಗೆ ಪರಿಹಾರ ಬೇಡುವ ದೋಷಪರಿಹಾರಕ ದಿನದಂದು, ದೇವಾಲಯದ ಅತ್ಯಂತ ಒಳಗಿನ ಕೋಣೆಯಾದ ಮಹಾಪವಿತ್ರಸ್ಥಾನದೊಳಗೆ ಗೆಜ್ಜೆಯ ಸದ್ದು ನಿಲ್ಲುತ್ತದೆ, ಹೊರಗಿನವರು ಮಹಾಯಾಜಕನ ಕಾಲಿಗೆ ಕಟ್ಟಿದ ಹಗ್ಗ ಹಿಡಿದು ಶವವನ್ನು ಎಳೆಯುತ್ತಾರೆ. ಬಹಳ ಜನ ಹೇಳುವ ಕಥೆಯಿದು, ಆದರೆ ಬೈಬಲಿನಲ್ಲಿ ಆ ಹಗ್ಗವಿಲ್ಲ. ಮಿಗಿಲಾಗಿ, ಯಾಜಕಕಾಂಡದ 16ನೆಯ ಅಧ್ಯಾಯದಂತೆ ಅಂದು ಅವನು ಒಳಗೆ ಹೋಗುವುದು ಬರಿಯ ನಾರುಬಟ್ಟೆಯಲ್ಲಿ. ಚಿನ್ನವೂ ಇಲ್ಲ, ಗೆಜ್ಜೆಯೂ ಇಲ್ಲ. ವರ್ಷವಿಡೀ ಹೆಜ್ಜೆಹೆಜ್ಜೆಗೂ ಸದ್ದು ಮಾಡುತ್ತಿದ್ದವನು ಅತ್ಯಂತ ಒಳಗಿನ ಕೋಣೆಗೆ ನಿಶ್ಶಬ್ದವಾಗಿ ಹೋಗುವಾಗ ಹೊರಗೆ ನಿಂತವರಿಗೆ ಏನನ್ನಿಸಿರಬಹುದು? ನಿಮ್ಮ ಕಥೆ ಅಲ್ಲಿದೆ, ಹಗ್ಗದಲ್ಲಿಲ್ಲ.

ಬೈಬಲಿನಲ್ಲೇ ಇರುವ ಜೆಕರ್ಯನ ಗ್ರಂಥದ ಕೊನೆಯನ್ನೂ ನೋಡಿ. ಮಹಾಯಾಜಕನ ಹಣೆಪಟ್ಟಿಯ ಮೇಲೆ ‘ಯೆಹೋವನಿಗೆ ಪರಿಶುದ್ಧ’ ಎಂದು ಕೆತ್ತಿದ್ದ ಮಾತು ಮುಂದೊಂದು ದಿನ ಕುದುರೆಗಳ ಗೆಜ್ಜೆಗಳ ಮೇಲೂ ಇರುತ್ತದೆಂದು ಆ ಪ್ರವಾದಿ ಹೇಳುತ್ತಾನೆ. ಬೀದಿಯ ಧೂಳು ಮೆತ್ತಿದ ಪ್ರಾಣಿಯ ಕೊರಳಿಗೆ ಆ ಮಾತನ್ನು ಕಟ್ಟುವ ಧೈರ್ಯ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

2011ರಲ್ಲಿ ಯೆರೂಸಲೇಮಿನ ಹಳೆಯ ಚರಂಡಿಯೊಂದನ್ನು ಅಗೆದಾಗ, ಬಟ್ಟೆಗೆ ಹೊಲಿಯಲು ಪುಟ್ಟ ಕೊಂಡಿಯಿದ್ದ ಚಿನ್ನದ ಗೆಜ್ಜೆಯೊಂದು ಸಿಕ್ಕಿತು. ಅದು ಮಹಾಯಾಜಕನದೇ ಎನ್ನಲು ಪುರಾವೆಯಿಲ್ಲ, ಯಾರದೋ ಅಂಗಿಯಿಂದ ಕಳಚಿಬಿದ್ದದ್ದು. ಮುಂದಿನ ಕರಡನ್ನು ನೀವು ಆ ಕೆಸರಿನಿಂದಲೇ ಆರಂಭಿಸಿದರೂ ಆದೀತು.

ನಿಮ್ಮ ಹಿರಿಯ ಮಿತ್ರ