ಗುಡ್ಡವನ್ನೇ ನೋಡದ ಮಕ್ಕಳಿಗೆ ಇಂಗ್ಲಿಷ್ ಪಾಠ

ಲೇ ತಿಪ್ಪೇಶ,

ನನ್ನ ಹಾಗೆ ಇಂಗ್ಲಿಷ್ ಮೇಷ್ಟ್ರಾಗಿ ಮಾಲ್ಡೀವ್ಸಿಗೆ ಹೋಗಲಾ ಬೇಡ್ವಾ ಅಂತ ಕೇಳಿದ್ದೀಯ. ಜೊತೆಗೆ, "ಅಲ್ಲಿನ ಮಕ್ಕಳೇ ನನಗಿಂತ ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾವಂತೆ, ನಾನೇನು ಕಲಿಸ್ಲಿ" ಅಂತ ಒಂದು ಸಾಲು ಸೇರಿಸಿದ್ದೀಯ. ನಿನ್ನ ನಿಜವಾದ ಪ್ರಶ್ನೆ ಇದೇ ಅಂತ ನನಗೆ ಗೊತ್ತು. ಫೋನಿನಲ್ಲಿ ಮಾತಾಡಿದರೆ ಬರೀ ಸಂಬಳದ ವಿಷಯವೇ ಆಗಿಬಿಡುತ್ತದೆ. ರಜೆಗೆ ದಾವಣಗೆರೆಗೆ ಬಂದಿದ್ದೇನೆ, ಪುರುಸೊತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಬಿ.ಎಡ್. ಬ್ಯಾಚಿನವರೂ ಓದಲಿ.

ಮಾಲ್ಡೀವ್ಸ್ ಅಂದ ಕೂಡಲೇ ನಿನ್ನ ಕಣ್ಣಿಗೆ ಬರುವುದು ಸಿನಿಮಾದವರು ಹನಿಮೂನಿಗೆ ಹೋಗಿ ಹಾಕುವ ಫೋಟೊಗಳು. ಅದು ಬೇರೆ ಲೋಕ. ರೆಸಾರ್ಟ್ ಅಂದರೆ ಸಾಮಾನ್ಯವಾಗಿ ಇಡೀ ದ್ವೀಪವೇ ರೆಸಾರ್ಟು. ಸುಮಾರು 1,200 ದ್ವೀಪಗಳ ಪೈಕಿ ಊರು ಅಂತ ಇರುವುದು 200ಕ್ಕಿಂತ ಕಡಿಮೆ ದ್ವೀಪಗಳಲ್ಲಿ. ನಾನಿರುವುದು ಅಂಥದ್ದೊಂದರಲ್ಲಿ. ಒಂದು ಸ್ಕೂಲು, ಒಂದು ಆಸ್ಪತ್ರೆ, ಮಸೀದಿ, ನಾಲ್ಕೈದು ಅಂಗಡಿ, ಸುತ್ತ ಸಮುದ್ರ. ಬೆಂಗಳೂರಿನಿಂದ ಅಲ್ಲಿನ ರಾಜಧಾನಿ ಮಾಲೆಗೆ ವಿಮಾನದಲ್ಲಿ ಸುಮಾರು ಎರಡು ಗಂಟೆ. ದಾವಣಗೆರೆಯಿಂದ ಬೆಂಗಳೂರು ಮುಟ್ಟುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು! ಆದರೆ ಮಾಲೆಯಿಂದ ಮುಂದಿನದು ಬೋಟಿನ ದಾರಿ. ಗಾಳಿಮಳೆ ಜೋರಾದರೆ ಬೋಟೂ ಇಲ್ಲ, ತರಕಾರಿಯೂ ಇಲ್ಲ.

ಈಗ ನಿನ್ನ ಭಯದ ವಿಷಯ. ಹೌದು, ಆ ಮಕ್ಕಳು ಇಂಗ್ಲಿಷ್ ಚೆನ್ನಾಗೇ ಮಾತಾಡುತ್ತವೆ. ಅವರದೇ ದಿವೇಹಿ ಭಾಷೆ, ಇಸ್ಲಾಂ ಇಂಥ ಕೆಲವು ಪಾಠ ಬಿಟ್ಟರೆ ಉಳಿದದ್ದೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ. ಮನೆಯಲ್ಲಿ ಕಾರ್ಟೂನು, ಯೂಟ್ಯೂಬು ಬೇರೆ. ನನ್ನ ಆರನೇ ಕ್ಲಾಸಿನ ಹುಡುಗನೊಬ್ಬ ಅಪ್ಪನ ಜೊತೆ ಮೀನು ಹಿಡಿಯಲು ಹೋದ ಕಥೆ ಹೇಳಿದ. ಅಲ್ಲಿ ಟ್ಯೂನಾ ಮೀನಿಗೆ ಬಲೆ ಬೀಸುವುದಿಲ್ಲ ಕಣೋ. ಸಣ್ಣ ಮೀನುಗಳನ್ನು ಜೀವಂತವಾಗಿ ನೀರಿಗೆ ಎರಚುತ್ತಾರೆ. ದೋಣಿಯ ಹಿಂಭಾಗದಿಂದ ನೀರು ಚಿಮುಕಿಸುತ್ತಾರೆ. ಟ್ಯೂನಾ ಹಿಂಡು ಮೇಲೆದ್ದು ಬಂದಾಗ ಉದ್ದನೆ ಕೋಲಿನ ಗಾಳ ಹಾಕಿ ಎಳೆದರೆ ಮೀನು ತಲೆ ಮೇಲಿಂದ ಹಾರಿ ದೋಣಿಯೊಳಗೆ ಬೀಳುತ್ತದೆ. ಕೊಕ್ಕೆಗೆ ಮುಳ್ಳಿರುವುದಿಲ್ಲ, ಹಾಗಾಗಿ ತಾನೇ ಕಳಚಿಕೊಳ್ಳುತ್ತದೆ. ಇಷ್ಟನ್ನೂ ಆ ಹುಡುಗ ಕೈಕಾಲು ಆಡಿಸುತ್ತಾ, ಎಲ್ಲೂ ತಡವರಿಸದೆ ಇಂಗ್ಲಿಷಿನಲ್ಲಿ ಹೇಳಿದ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಆಮೇಲೆ ಇದನ್ನೇ ಬರಿ ಅಂದೆ. ಹೊತ್ತು ಕಳೆದ ಮೇಲೆ ಪುಸ್ತಕ ತಂದ. ಎರಡೇ ಸಾಲು: "ಐ ವೆಂಟ್ ಫಿಶಿಂಗ್. ಇಟ್ ವಾಸ್ ನೈಸ್."

ನಮ್ಮ ಕಡೆ ಇದಕ್ಕೆ ಪೂರ್ತಿ ಉಲ್ಟಾ ಅಲ್ವಾ? ಹಸುವಿನ ಮೇಲೆ, ಸ್ವಾತಂತ್ರ್ಯ ದಿನಾಚರಣೆಯ ಮೇಲೆ ಒಂದು ಪುಟ ತಪ್ಪಿಲ್ಲದೆ ಬರೆಯುವ ಹುಡುಗಿಗೆ "ನಿನ್ನ ಹೆಸರೇನು" ಅಂತ ಇಂಗ್ಲಿಷಿನಲ್ಲಿ ಕೇಳಿದರೆ ನೆಲ ನೋಡುತ್ತಾಳೆ. ಅಲ್ಲಿ ಬಾಯಿ ಇದೆ, ಕೈ ಓಡುವುದಿಲ್ಲ. ಹತ್ತನೇ ಕ್ಲಾಸಿಗೆ ಬ್ರಿಟನ್ನಿನ ಕೇಂಬ್ರಿಡ್ಜ್ ಪರೀಕ್ಷೆ ಕೂತಿರುತ್ತದೆ, ಅದರಲ್ಲಿ ಬರೆಯಲೇಬೇಕು. ನಿನ್ನನ್ನು ಕರೆಸುವುದು ಆ ಕೆಲಸಕ್ಕೆ. ಅದು ನಿನಗೆ ಬರುತ್ತದೆ.

ಇನ್ನೂ ಒಂದು ಅನುಕೂಲ ಇದೆ. ದಿವೇಹಿಯಲ್ಲೂ ನಮ್ಮ ಹಾಗೇ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅವರ ತಾನಾ ಲಿಪಿಯಲ್ಲಿ ಕ್ಯಾಪಿಟಲ್ ಅಕ್ಷರ ಅನ್ನುವುದೇ ಇಲ್ಲ, ನಮ್ಮಲ್ಲೂ ಇಲ್ಲ. ಹಾಗಾಗಿ ಆ ಮಕ್ಕಳ ತಪ್ಪುಗಳನ್ನು ನೋಡಿದರೆ ಹಳೇ ಪರಿಚಯದವರನ್ನು ಕಂಡಂತಾಗುತ್ತದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದ ನಮಗೆ ಯಾವ ಜಾಗದಲ್ಲಿ ಕಾಲು ಎಡವುತ್ತದೆ ಅಂತ ಮೈಗೇ ಗೊತ್ತಿರುತ್ತದೆ. ಹುಟ್ಟಿನಿಂದ ಇಂಗ್ಲಿಷ್ ಆಡುವವರು ಅದನ್ನು ಪುಸ್ತಕ ನೋಡಿಯೇ ತಿಳಿಯಬೇಕು. ಅಂದ ಹಾಗೆ ತಾನಾ ಬರೆಯುವುದು ಬಲದಿಂದ ಎಡಕ್ಕೆ. ಅದರ ಮೊದಲ ಒಂಬತ್ತು ಅಕ್ಷರಗಳು ಅರಬ್ಬೀ ಅಂಕಿಗಳಿಂದ ಬಂದವು. ಚಿಕ್ಕ ಕ್ಲಾಸಿನವರು ಇಂಗ್ಲಿಷ್ ನೋಟುಪುಸ್ತಕವನ್ನು ಹಿಂದಿನಿಂದ ಶುರು ಮಾಡಿದ್ದರೆ ಬೈಯಬೇಡ.

ಮೀನಿನ ಹುಡುಗನಿಗೆ ಏನು ಮಾಡಿದೆ ಅಂದರೆ, ಅವನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅವನಿಗೇ ಕೇಳಿಸಿದೆ. ಪಕ್ಕದವನು ಕೇಳಿದ್ದನ್ನು ಬರೆದುಕೊಂಡ, ಇವನು ತಿದ್ದಿದ. ಆಮೇಲೆ ಕ್ಲಾಸಿಗೆಲ್ಲ ಅದೇ ಪದ್ಧತಿಯಾಯಿತು. ದೊಡ್ಡ ವಿದ್ಯೆಯೇನಲ್ಲ, ಆದರೆ ನಡೆಯಿತು.

ಕಷ್ಟ ಬಂದದ್ದು ಬೇರೆ ಕಡೆ. ಪಾಠದಲ್ಲಿ ಗುಡ್ಡ ಹತ್ತುವ ಒಂದು ಕಥೆ ಇತ್ತು. ಆ ದೇಶದಲ್ಲಿ ಗುಡ್ಡವೇ ಇಲ್ಲ. ನೆಲ ಬಹುತೇಕ ಕಡೆ ಸಮುದ್ರಮಟ್ಟದಿಂದ ಮೂರು ಮೀಟರೂ ಎತ್ತರವಿಲ್ಲ. ನದಿ ಇಲ್ಲ, ರೈಲಿಲ್ಲ. ನಾಯಿ ಸಾಕುವುದಕ್ಕೂ ನಿಷೇಧ, ಆದ್ದರಿಂದ ಬೀದಿನಾಯಿಯೂ ಇಲ್ಲ. "ನಿಮ್ಮೂರಲ್ಲಿ ನಾಯಿ ರೋಡಲ್ಲೇ ಓಡಾಡುತ್ತಾ ಸಾರ್?" ಅಂತ ಒಬ್ಬಳು ಕೇಳಿದಳು. ನಮ್ಮ ನಿಟುವಳ್ಳಿಯಲ್ಲಿ ರಾತ್ರಿ ಬೈಕಿನ ಹಿಂದೆ ಬೀಳುವ ಹಿಂಡನ್ನು ವಿವರಿಸಿದೆ. ಇಡೀ ಕ್ಲಾಸು ಬೆಚ್ಚಿಬಿತ್ತು.

ಗುಡ್ಡಕ್ಕೆ ನಿಮ್ಮ ದುರ್ಗದ ಕೋಟೆಯೇ ಗತಿಯಾಯಿತು. ಫೋಟೊ ತೋರಿಸಿದಾಗ ಮಕ್ಕಳು ಮೊದಲು ಕೇಳಿದ್ದು ಕೋಟೆಯನ್ನಲ್ಲ. ಒಂದರ ಮೇಲೊಂದು ಕೂತ ಆ ಬಂಡೆಗಳು ಯಾಕೆ ಉರುಳುವುದಿಲ್ಲ ಅಂತ. ಓಬವ್ವನ ಕಥೆ ಹೇಳಿದೆ. ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಹೊಡೆದಳು ಅಂದರೆ, ಒನಕೆ ಅಂದರೇನು? ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಬೇಕಾಯಿತು. ಆಮೇಲೆ ಕೋತಿರಾಜ್ ವಿಡಿಯೊ ಹಾಕಿದೆ. ಹಗ್ಗವಿಲ್ಲದೆ ಕೋಟೆ ಗೋಡೆಯನ್ನು ಬರಿಗೈಯಲ್ಲಿ ಹತ್ತಿ, ತಲೆಕೆಳಗಾಗಿ ನೇತಾಡುತ್ತಾನಲ್ಲ, ಅದು. ಅವತ್ತು ಯಾರಿಗೂ "ಬರೆಯಿರಿ" ಅಂತ ಹೇಳಬೇಕಾಗಲಿಲ್ಲ. ಒಬ್ಬಳು ಅವನಿಗೇ ಕಾಗದ ಬರೆದಿದ್ದಾಳೆ, ನಮ್ಮ ದ್ವೀಪಕ್ಕೆ ಬಾ, ಆದರೆ ಇಲ್ಲಿ ಹತ್ತುವುದಕ್ಕೆ ತೆಂಗಿನಮರ ಮಾತ್ರ ಇದೆ ಅಂತ. ಸ್ಪೆಲ್ಲಿಂಗ್ ತುಂಬಾ ತಪ್ಪಿತ್ತು, ಕೆಂಪು ಇಂಕು ಮುಟ್ಟಿಸಲಿಲ್ಲ.

ಊಟದ ವಿಷಯ ನಿನಗೆ ಹೆದರಿಕೆ ಹುಟ್ಟಿಸಲೇಬೇಕು, ನೀನೂ ನನ್ನ ಹಾಗೆ ಸಸ್ಯಾಹಾರಿ. ಬೆಳಗ್ಗೆ ಮಸ್ ಹುನಿ: ಟ್ಯೂನಾ, ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ ಕಲಸಿ ರೊಶಿ ಜೊತೆ ತಿನ್ನುತ್ತಾರೆ. ರೊಶಿ ಅಂದರೆ ಚಪಾತಿ. ಮಧ್ಯಾಹ್ನ ಗರುದಿಯ, ಅದು ಮೀನಿನ ತಿಳಿಸಾರು. ಸಂಜೆ ಬಜಿಯಾ ಕೊಟ್ಟರೆ ಬಜ್ಜಿ ಅಂತ ಕೈ ಹಾಕಬೇಡ, ಒಳಗೆ ಮೀನಿರುತ್ತದೆ. ನಾನು ರೂಮಿನಲ್ಲೇ ಅಡುಗೆ ಮಾಡಿಕೊಳ್ಳುತ್ತೇನೆ. ಅಕ್ಕಿ, ಆಲೂಗಡ್ಡೆ, ಈರುಳ್ಳಿ ಸಿಗುತ್ತದೆ. ಇಂಥ ಸಾಮಾನನ್ನು ಅವರಿಗೆ ಕಳಿಸುವುದಕ್ಕೆ ಭಾರತದ ಜೊತೆ 1981ರಿಂದ ಒಪ್ಪಂದವಿದೆ. ಅಂಗಡಿಯಲ್ಲಿ ಈರುಳ್ಳಿ ಮೂಟೆ ಕಂಡಾಗಲೆಲ್ಲ ಹಿರಿಯೂರಿನದಿರಬಹುದಾ ಅಂತ ಸುಮ್ನೆ ಮುಟ್ಟಿ ನೋಡುತ್ತೇನೆ. ಶೇಂಗಾ ಚಟ್ನಿ ಪುಡಿ, ಕಟಕ್ ರೊಟ್ಟಿ ಜಾಸ್ತಿ ಕಟ್ಟಿಸಿಕೊ. ಬೆಣ್ಣೆ ದೋಸೆಯ ಆಸೆ ಬಿಡು. ಊರಿಗೆ ಬಂದ ದಿನವೇ ನಾನು ಮೂರು ಹೊಡೆದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಶುಕ್ರವಾರ, ಶನಿವಾರ ರಜೆ. ಭಾನುವಾರ ಸ್ಕೂಲಿಗೆ ಹೋಗುವುದು ಮೊದಮೊದಲು ತುಂಬಾ ಬೇಜಾರು. ರಂಜಾನಿನಲ್ಲಿ ಹಗಲು ಹೋಟೆಲ್ ಮುಚ್ಚಿರುತ್ತವೆ. ಪೂಜೆಗಿಡುವ ವಿಗ್ರಹ ಒಳಗೆ ಒಯ್ಯುವಂತಿಲ್ಲ, ನಿಮ್ಮಮ್ಮ ಬ್ಯಾಗಿಗೆ ಹಾಕುವ ಮೊದಲೇ ಹೇಳಿಬಿಡು. ಸಂಬಳ ಅವರ ರುಫಿಯಾದಲ್ಲಿ. ಊರಿಗೆ ಕಳಿಸಲು ಡಾಲರ್ ಬೇಕು, ಅಲ್ಲಿ ಡಾಲರಿಗೇ ಬರ. ಬ್ಯಾಂಕಿನವರು ತಿಂಗಳಿಗೆ ಇಷ್ಟೇ ಅಂತ ಮಿತಿ ಹಾಕುತ್ತಾರೆ, ನನಗಂತೂ ಅದು ಯಾವ ತಿಂಗಳೂ ಸಾಲಲಿಲ್ಲ. ಅಪ್ಪನ ಬೋರ್‌ವೆಲ್ ಸಾಲ ಒಂದೇ ವರ್ಷದಲ್ಲಿ ತೀರಿಸುತ್ತೇನೆ ಅಂತ ಲೆಕ್ಕ ಹಾಕಿದ್ದರೆ ಹೋಗಬೇಡ. ಎರಡು ಮೂರು ವರ್ಷ ಇರುವ ಮನಸ್ಸಿದ್ದರೆ ಹೋಗು. ಅಷ್ಟರಲ್ಲಿ ನಿನ್ನ ಮಾತೂ ಸಲೀಸಾಗುತ್ತದೆ. ಆ ಮಕ್ಕಳ ನಡುವೆ ಬೇರೆ ದಾರಿಯೇ ಇರುವುದಿಲ್ಲ.

ಆಮೇಲೆ, ನನಗೊಂದು ಕೆಲಸ ಮಾಡಿಕೊಡು. ಮುಂದಿನ ಪಾಠ ರೈಲಿನದು. ಇಂಟರ್ನೆಟ್ಟಿನಲ್ಲಿ ಸಿಗುವುದೆಲ್ಲ ಬುಲೆಟ್ ಟ್ರೇನು, ಅದು ಬೇಡ. ಚಿಕ್ಕಜಾಜೂರು ಜಂಕ್ಷನ್ನಿಗೆ ಹೋದಾಗ ಪ್ಲಾಟ್‌ಫಾರಂ ಮೇಲೆ ನಿಂತು ಒಂದು ಗೂಡ್ಸ್ ಗಾಡಿಯನ್ನು ಎಂಜಿನ್‌ನಿಂದ ಕೊನೇ ಡಬ್ಬಿಯವರೆಗೆ ವಿಡಿಯೊ ಮಾಡಿ ಕಳಿಸು. ಮಧ್ಯೆ ಕಟ್ ಮಾಡಬೇಡ, ಡಬ್ಬಿ ಎಣಿಸುವುದು ಅವರ ಕೆಲಸ. ಚಾ ಮಾರುವವನ ಕೂಗು ಬಂದರೆ ಬರಲಿ.

ನಿನ್ನ,
ಬಸು