ನಿಯಮ ತಿದ್ದುವ ಮುನ್ನ

ಪ್ರೀತಿಯ ಮಗನೇ,

ಕರ್ತನ ನಾಮದಲ್ಲಿ ವಂದನೆಗಳು. ಚರ್ಚಿನ ಜನ ಆರಿಸಿದ ಆಳುವ ಹಿರಿಯನಾಗಿ ಪ್ರೆಸ್ಬಿಟರಿಯಲ್ಲಿ, ಅಂದರೆ ಒಂದು ಪ್ರದೇಶದ ಚರ್ಚುಗಳ ಹಿರಿಯರು ಕೂಡುವ ಮಂಡಳಿಯಲ್ಲಿ, ಕೂರುವ ಹೊಣೆ ಬಂದಿರುವ ಈ ಹೊತ್ತಿನಲ್ಲೇ ಚರ್ಚಿನ ಶಿಸ್ತಿನ ನಿಯಮಗಳಿಗೆ ತಿದ್ದುಪಡಿ ತರಬೇಕೆಂದು ಬರೆದಿದ್ದೀಯ. ತಪ್ಪೇನಿಲ್ಲ. ಆದರೆ ಓವರ್ಚರ್, ಅಂದರೆ ಮೇಲಿನ ಮಂಡಳಿಗೆ ಕಳಿಸುವ ತಿದ್ದುಪಡಿಯ ಮನವಿ, ಬರೆಯಲು ಕೂರುವ ಮೊದಲು ಇದನ್ನು ಓದು.

ನಮ್ಮ ಸಿ.ಎಸ್.ಐ.ನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಬಿಷಪ್ಪರಿದ್ದಾರೆ. ನೀನು ಸೇರಿರುವ ಪ್ರೆಸ್ಬಿಟೇರಿಯನ್ ಚರ್ಚ್ ಇನ್ ಅಮೆರಿಕದಲ್ಲಿ ಆ ಸ್ಥಾನವೇ ಇಲ್ಲ. ಅಲ್ಲಿ ಒಂದು ಚರ್ಚಿನ ಹಿರಿಯರ ಸೆಷನ್, ಅದರ ಮೇಲಿನ ಪ್ರೆಸ್ಬಿಟರಿ, ಇಡೀ ಪಂಗಡದ ಜನರಲ್ ಅಸೆಂಬ್ಲಿ ಮೂರೂ ಚರ್ಚಿನ ನ್ಯಾಯಾಲಯಗಳೇ. ಹಾಗಾಗಿ ನೀನು ಬರೆಯುವ ಒಂದೊಂದು ಸಾಲನ್ನೂ ಮುಂದೆ ಯಾರೋ ಹಿರಿಯರು ಒಬ್ಬ ಮನುಷ್ಯನ ವಿಚಾರಣೆಯಲ್ಲಿ ಎದುರಿಗಿಟ್ಟುಕೊಂಡು ತೀರ್ಪು ಹೇಳುತ್ತಾರೆ. ಇದು ಮನಸ್ಸಿನಲ್ಲಿರಲಿ.

ನಿಮ್ಮ ನಿಯಮಪುಸ್ತಕವಾದ ಬುಕ್ ಆಫ್ ಚರ್ಚ್ ಆರ್ಡರ್ ತಿದ್ದಬೇಕಾದರೆ ಮೂರು ಬಾಗಿಲು ದಾಟಬೇಕು. ಮೊದಲು ಜನರಲ್ ಅಸೆಂಬ್ಲಿಯಲ್ಲಿ ಬಹುಮತ, ಆಮೇಲೆ ಪ್ರೆಸ್ಬಿಟರಿಗಳಲ್ಲಿ ಮೂರನೇ ಎರಡರಷ್ಟರ ಒಪ್ಪಿಗೆ, ಕೊನೆಗೆ ಮುಂದಿನ ಅಸೆಂಬ್ಲಿಯಲ್ಲಿ ಮತ್ತೆ ಬಹುಮತ. ಚರ್ಚಿನ ನಂಬಿಕೆಗಳನ್ನು ಹೇಳುವ ವಿಶ್ವಾಸ ಪ್ರಮಾಣವನ್ನೇ ತಿದ್ದುವುದಾದರೆ ಮೂರೂ ಕಡೆ ನಾಲ್ಕನೇ ಮೂರರಷ್ಟು ಬೇಕು. ಕೆಳಗಿನ ಸಭೆಗಳನ್ನು ಕೇಳದೆ ನಿಯಮ ಬದಲಿಸಬಾರದೆಂಬ ಈ ಎಚ್ಚರಿಕೆ ಹಳೆಯದು. ಸ್ಕಾಟ್ಲೆಂಡಿನ ಚರ್ಚ್ 1697ರಲ್ಲೇ ಬ್ಯಾರಿಯರ್ ಆಕ್ಟ್ ಮಾಡಿ ಅದನ್ನು ಕಟ್ಟಳೆಯಾಗಿಸಿತು. ನಿಧಾನವೆಂದು ಬೇಸರಪಡಬೇಡ. ಆ ನಿಧಾನದಲ್ಲೇ ಕರಡಿನ ತೂತುಗಳು ಕಾಣಿಸುವುದು.

ಈಗ ಬರವಣಿಗೆಯ ಮಾತು. ಓವರ್ಚರಿನಲ್ಲಿ ಕಾರಣಗಳ ಭಾಗವೊಂದು, ನಿರ್ಣಯದ ಭಾಗವೊಂದು. ಹೆಚ್ಚಿನವರು ಕಾರಣಗಳಿಗೆ ಎರಡು ಪುಟ ಬರೆದು ನಿರ್ಣಯವನ್ನು ಅವಸರದಲ್ಲಿ ಮುಗಿಸುತ್ತಾರೆ. ಪುಸ್ತಕಕ್ಕೆ ಸೇರುವುದು ನಿರ್ಣಯದಲ್ಲಿರುವ ತಿದ್ದುಪಡಿಯ ಮಾತು ಮಾತ್ರ. ನಿನ್ನ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಹತ್ತು ವರ್ಷದ ನಂತರ ವಿಚಾರಣೆಗೆ ಕೂತವರಿಗೆ ಅದು ಕಾಣುವುದಿಲ್ಲ. ಆದ್ದರಿಂದ ತೆಗೆಯುವ ಪದಕ್ಕೆ ಗೆರೆ ಎಳೆದು, ಸೇರಿಸುವ ಪದಕ್ಕೆ ಅಡಿಗೆರೆ ಹಾಕಿ, ವಿಧಿಯನ್ನು ಪೂರ್ತಿಯಾಗಿ ಬರೆ.

ಒಂದು ಉದಾಹರಣೆ ನೋಡು. ನಿಯಮಪುಸ್ತಕದ 35ನೇ ಅಧ್ಯಾಯದ ಮೊದಲ ವಿಧಿ ಬಹುಕಾಲದಿಂದ ಹೇಳುತ್ತಾ ಬಂದಿರುವುದು ಹೀಗೆ: ದೇವರಿದ್ದಾನೆಂದು, ಮುಂದೆ ಪ್ರತಿಫಲವೂ ಶಿಕ್ಷೆಯೂ ಉಂಟೆಂದು ನಂಬದವರು ಸಾಕ್ಷಿ ನುಡಿಯಲು ಅರ್ಹರಲ್ಲ. ಇದನ್ನು ಸಡಿಲಿಸಬೇಕೆಂದು ಓವರ್ಚರ್‌ಗಳು ಬಂದಿವೆ. ಗಂಡ ಹೊಡೆಯುತ್ತಾನೆಂದು ಹೆಂಡತಿ ದೂರು ಕೊಟ್ಟಾಗ, ಕಣ್ಣಾರೆ ಕಂಡವಳು ನಾಸ್ತಿಕಳಾದ ಪಕ್ಕದ ಮನೆಯವಳೊಬ್ಬಳೇ ಆದರೆ? ಅವಳ ಮಾತನ್ನು ಹಿರಿಯರು ಕೇಳಲೇ ಬಾರದೇ? ವಾದ ಗಟ್ಟಿಯಾಗಿದೆ, ನನಗೂ ಒಪ್ಪಿಗೆ. ಆದರೆ ಸಾಕ್ಷಿಗಳು ದೇವರ ಸನ್ನಿಧಿಯಲ್ಲಿ, ಜೀವಿಸುವವರಿಗೂ ಸತ್ತವರಿಗೂ ನ್ಯಾಯಾಧಿಪತಿಯಾದವನಿಗೆ ಲೆಕ್ಕ ಕೊಡಬೇಕಾದವರಾಗಿ ಮಾತು ಕೊಡಬೇಕೆಂದು ಅದೇ ಅಧ್ಯಾಯ ಹೇಳುತ್ತದೆ. ಮೊದಲ ವಿಧಿಯನ್ನಷ್ಟೇ ತಿದ್ದಿದರೆ ಅವಳು ಒಳಗೆ ಬರುತ್ತಾಳೆ, ಆದರೆ ಬಾಯಿಬಿಡುವ ಮೊದಲು ತಾನು ನಂಬದ ಪ್ರಮಾಣವನ್ನು ಮಾಡಬೇಕಾಗುತ್ತದೆ. ಎದುರಾಳಿಗಳು ಮೊದಲು ಹಿಡಿಯುವುದು ಇದನ್ನೇ, ಹಿಡಿಯುವುದು ನ್ಯಾಯವೂ ಹೌದು. ಒಂದು ವಿಧಿ ಮುಟ್ಟಿದರೆ ಅದಕ್ಕೆ ತಗಲಿಕೊಂಡಿರುವ ವಿಧಿಗಳನ್ನೆಲ್ಲ ಹುಡುಕಿ ಜೊತೆಗೇ ತಿದ್ದು.

ಗಡುವು ಮರೆಯಬೇಡ. ಇಂಥ ಓವರ್ಚರ್ ಅಸೆಂಬ್ಲಿ ಆರಂಭಕ್ಕೆ 60 ದಿನ ಮೊದಲೇ ಅದರ ಕಾರ್ಯದರ್ಶಿಯಾದ ಸ್ಟೇಟೆಡ್ ಕ್ಲರ್ಕ್ ಕೈ ಸೇರಿರಬೇಕು. ಪ್ರೆಸ್ಬಿಟರಿ ಕೂಡುವುದು ವರ್ಷಕ್ಕೆ ಕೆಲವೇ ಬಾರಿ. ಹಿಂದಕ್ಕೆ ಲೆಕ್ಕ ಹಾಕಿ ಕರಡನ್ನು ಸಿದ್ಧಮಾಡು. ಮೊದಲು ನಿನ್ನ ಸೆಷನ್ನಿನಲ್ಲಿ ಓದಿಸು. ನಿನ್ನನ್ನು ಒಪ್ಪದ ಹಿರಿಯರೊಬ್ಬರ ಕೈಗೂ ಕೊಡು.

ಅಸೆಂಬ್ಲಿಯಲ್ಲಿ ನಿಜವಾದ ಕೆಲಸ ನಡೆಯುವುದು ಓವರ್ಚರ್ಸ್ ಕಮಿಟಿಯಲ್ಲಿ. ಪ್ರತಿ ಪ್ರೆಸ್ಬಿಟರಿಯಿಂದ ಒಬ್ಬ ಪಾಸ್ಟರ್, ಒಬ್ಬ ಆಳುವ ಹಿರಿಯ ಅಲ್ಲಿ ಕೂರುತ್ತಾರೆ. ಪದ ತಿದ್ದಲು ಅವಕಾಶ ಅಲ್ಲಿಯೇ. ಮುಂದೆ ಪ್ರೆಸ್ಬಿಟರಿಗಳಿಗೆ ಬಂದಾಗ ಹೌದು ಅಥವಾ ಇಲ್ಲ, ಅಷ್ಟೇ, ಅಲ್ಪವಿರಾಮವನ್ನೂ ಕದಲಿಸುವಂತಿಲ್ಲ.

2021ರಲ್ಲಿ ಸೇಂಟ್ ಲೂಯಿಯಲ್ಲಿ ನಡೆದ ಅಸೆಂಬ್ಲಿ, ಸಲಿಂಗ ಆಕರ್ಷಣೆಯ ಚರ್ಚೆಯ ನಡುವೆ, ಹುದ್ದೆಗೆ ಬರುವವರ ಅರ್ಹತೆಯ ಬಗ್ಗೆ 23 ಮತ್ತು 37ನೇ ಓವರ್ಚರ್‌ಗಳನ್ನು ದೊಡ್ಡ ಬಹುಮತದಿಂದ ಒಪ್ಪಿತು. ಆಗ 88 ಪ್ರೆಸ್ಬಿಟರಿಗಳಿದ್ದವು, 59ರ ಒಪ್ಪಿಗೆ ಬೇಕಿತ್ತು. ಸಿಗಲಿಲ್ಲ. ಅಭ್ಯರ್ಥಿ ತನ್ನನ್ನು ತಾನು ಹೇಗೆ ಗುರುತಿಸಿಕೊಳ್ಳುತ್ತಾನೆ ಎಂಬ ಅವುಗಳಲ್ಲಿನ ಮಾತಿಗೆ ಎಲ್ಲಿಯವರೆಗೆ ಅರ್ಥ ಎಂಬುದು ಅನೇಕರಿಗೆ ಸ್ಪಷ್ಟವಾಗಲಿಲ್ಲ. ಮರುವರ್ಷ 29 ಮತ್ತು 31ನೇ ಓವರ್ಚರ್‌ಗಳು ಬೇರೆ ಮಾತುಗಳಲ್ಲಿ ಬಂದವು: ಪಾಪದ ಆಸೆಯೂ ಪಾಪವೆಂದು ಒಪ್ಪಬೇಕು, ಅದರ ವಿರುದ್ಧದ ಹೋರಾಟಕ್ಕೆ ಬದ್ಧನಾಗಿರಬೇಕು. ಯಾರಿಗೂ ಅನ್ವಯಿಸಬಲ್ಲ ಮಾತು. ಪ್ರೆಸ್ಬಿಟರಿಗಳು ಒಪ್ಪಿದವು, 2023ರಲ್ಲಿ ಮೆಂಫಿಸ್‌ನಲ್ಲಿ ಜಾರಿಯಾದವು. ಎರಡು ಕರಡುಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದು, ಮಗನೇ.

ಮಾತಾಡುವಾಗ ಅಧ್ಯಕ್ಷತೆ ವಹಿಸಿದ ಮಾಡರೇಟರರನ್ನು ಉದ್ದೇಶಿಸಿಯೇ ಮಾತಾಡು, ಎದುರು ನಿಂತವರ ಹೆಸರೆತ್ತಬೇಡ. ನಡೆಯುತ್ತಿರುವ ಯಾವುದೇ ಪ್ರಕರಣವನ್ನು ಉದಾಹರಣೆಗೂ ತರಬೇಡ. ಆ ಪ್ರಕರಣ ಮೇಲ್ಮನವಿಯಾಗಿ ನಿಮ್ಮ ಮುಂದೆಯೇ ಬರಬಹುದು.

ಕರಡು ಮುಗಿದಾಗ ನಿರ್ಣಯದ ಭಾಗವನ್ನು ಮಾತ್ರ ನನಗೆ ಕಳಿಸು, ಕಾರಣಗಳು ಬೇಡ. ಅದೊಂದನ್ನೇ ಓದಿ ನನಗೇನು ಅರ್ಥವಾಯಿತೆಂದು ಬರೆಯುತ್ತೇನೆ.

ನಿನ್ನ ದೊಡ್ಡಪ್ಪ